ಬಸ್ ನಿಲ್ದಾಣದ ಪೇ ಆಂಡ್ ಯೂಸ್ ಶೌಚಾಲಯ: ಗಂಡಸರಿಗೆ ಪುಕ್ಕಟೆ, ಹೆಂಗಸರಿಗೆ 10 ರೂಪಾಯಿ

ಮೊದಲು ದರದ ಬೋರ್ಡ್‌ನಿಂದಲೇ ಶುರು ಮಾಡುತ್ತೇನೆ. ಮೂತ್ರ ವಿಸರ್ಜನೆ ಉಚಿತ, ಶೌಚ 10 ರೂಪಾಯಿ, ಸ್ನಾನ 30 ರೂಪಾಯಿ. ನೀಲಿ ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ ಬರೆಸಿದ್ದಾರೆ, ದೂರದಿಂದಲೇ ಕಾಣಿಸುತ್ತದೆ. ಗಂಡಸರಿಗೆ ಒಂದು ರೇಟು, ಹೆಂಗಸರಿಗೆ ಒಂದು ರೇಟು ಅಂತ ಅದರಲ್ಲಿ ಎಲ್ಲೂ ಇಲ್ಲ. ಆದರೆ ಬೋರ್ಡ್‌ನ ಕೆಳಗೆ ಗಲ್ಲಾಪೆಟ್ಟಿಗೆ ಇಟ್ಟುಕೊಂಡು ಕೂತವರ ಲೆಕ್ಕವೇ ಬೇರೆ. ಗಂಡಸರು ಎಡಗಡೆಯಿಂದ ಸೀದಾ ಹೋಗಿ ಬರುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಹೆಂಗಸರು ಬಲಗಡೆ ತಿರುಗಿದರೆ ಸಾಕು, ಕೈ ಅಡ್ಡ ಬರುತ್ತದೆ. 10 ರೂಪಾಯಿ. ಎಲ್ಲರಿಗೂ, ಯಾವುದಕ್ಕಾದರೂ.

ಇದು ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದ ಶೌಚಾಲಯ. ಗುತ್ತಿಗೆಗೆ ಕೊಟ್ಟು ನಡೆಸುತ್ತಾರೆ. ಊರಿನ ಹೆಸರು ಬೇಕೆಂದೇ ಬರೆಯುತ್ತಿಲ್ಲ. ಹೆಸರು ಹಾಕಿದರೆ ಆ ಒಂದು ಕಡೆ ಗುತ್ತಿಗೆದಾರ ಬದಲಾಗಬಹುದು, ಅಷ್ಟೇ. ಕೆಲಸದ ಮೇಲೆ ನಾನು ಬಸ್ಸಿನಲ್ಲಿ ಜಾಸ್ತಿ ಓಡಾಡುತ್ತೇನೆ, ಬೇರೆ ಊರುಗಳಲ್ಲೂ ಇದನ್ನೇ ಕಂಡಿದ್ದೇನೆ. ಇದು ನಾನು ಹೆಚ್ಚು ಬಳಸುವ ಜಾಗ, ಹಾಗಾಗಿ ಇದರ ಬಗ್ಗೆ ಸರಿಯಾಗಿ ಹೇಳಬಲ್ಲೆ.

ಒಮ್ಮೆ ಆ ಗಲ್ಲಾದವರನ್ನು ಕೇಳಿಯೇ ಬಿಟ್ಟೆ.

'ಅಣ್ಣಾ, ಬೋರ್ಡ್‌ನಲ್ಲಿ ಒಂದಕ್ಕೆ ಫ್ರೀ ಅಂತಿದೆಯಲ್ಲ?'

'ಅದು ಜೆಂಟ್ಸ್‌ಗೆ ಅಮ್ಮಾ.'

'ಹಾಗಂತ ಬರೆದಿಲ್ಲವಲ್ಲ.'

'ಅವರು ಹೊರಗೇ ನಿಂತು ಮುಗಿಸ್ಕೊಂಡು ಹೋಗ್ತಾರೆ. ನೀವು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ ಮೇಲೆ ಯಾವುದಕ್ಕೆ ಹೋಗಿದ್ರಿ ಅಂತ ನಮಗೆ ಹೆಂಗೆ ಗೊತ್ತಾಗುತ್ತೆ? ನೀರೂ ಜಾಸ್ತಿ ಬೇಕು.'

ಅವರು ಒರಟಾಗಿ ಹೇಳಲಿಲ್ಲ, ಸಮಾಧಾನವಾಗಿಯೇ ಹೇಳಿದರು. ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಆ ವಾಸನೆಯಲ್ಲಿ ಕೂತು ದುಡಿಯುವ ಮನುಷ್ಯ, ದರ ಮಾಡಿದವರು ಬೇರೆ ಯಾರೋ. ಆದರೆ ಆ ಉತ್ತರವನ್ನು ಸ್ವಲ್ಪ ಬಿಡಿಸಿ ನೋಡಿ. ಹೆಂಗಸರಿಗೆ ಮೂತ್ರಾಲಯ ಅಂತ ಪ್ರತ್ಯೇಕವಾಗಿ ಕಟ್ಟಲಿಲ್ಲ. ಕಟ್ಟದೆ ಇರುವುದರಿಂದ ಅವರು ಪಾಯಿಖಾನೆಯನ್ನೇ ಬಳಸಬೇಕು. ಪಾಯಿಖಾನೆ ಬಳಸುವುದರಿಂದ ದುಡ್ಡು ಕೊಡಬೇಕು. ಕಟ್ಟಿದವರು ಬಿಟ್ಟಿದ್ದಕ್ಕೆ ದಂಡ ಕಟ್ಟುವವರು ನಾವು. ಇದು ಯಾವ ನ್ಯಾಯ?

ಈ ಪ್ರಶ್ನೆ ನಾನೇ ಮೊದಲು ಕೇಳಿದ್ದಲ್ಲ. ಮುಂಬೈಯಲ್ಲಿ 2011ರಲ್ಲಿ ಹಲವು ಸಂಘಟನೆಗಳು ಸೇರಿ 'ರೈಟ್ ಟು ಪೀ' ಅಂತ ಚಳವಳಿಯನ್ನೇ ಮಾಡಿದವು. ಅಲ್ಲೂ ಗಂಡಸರಿಗೆ ಪುಕ್ಕಟೆ, ಹೆಂಗಸರಿಗೆ ದುಡ್ಡು ಅನ್ನುವ ಇದೇ ಜಗಳ. ಹೆಸರು ಕೇಳಿ ಮುಜುಗರಪಟ್ಟವರು ಬಹಳ ಜನ. ಆದರೆ ಮುಜುಗರ ಬಿಟ್ಟು ಮಾತಾಡಿದ್ದಕ್ಕೇ ಅದು ಪಾಲಿಕೆಯ ಬಾಗಿಲಿಗೆ ಹೋಯಿತು. 2015ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಇನ್ನೊಂದು ಅರ್ಜಿಯ ಮೇಲೆ, ಹೆಂಗಸರಿಗೆ ಶುಚಿಯಾದ, ಸುರಕ್ಷಿತವಾದ ಶೌಚಾಲಯ ಒದಗಿಸಬೇಕು ಅಂತ ಮಹಾರಾಷ್ಟ್ರದ ಮಹಾನಗರ ಪಾಲಿಕೆಗಳಿಗೆ ಹೇಳಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ದೇಶದ ಎಲ್ಲಾ ಕೋರ್ಟ್ ಆವರಣಗಳಲ್ಲಿ ಗಂಡಸರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಬೇರೆ ಬೇರೆ ಶೌಚಾಲಯ ಇರಬೇಕು, ಇದು ಸಂವಿಧಾನದ 21ನೇ ವಿಧಿಯಲ್ಲಿ ಬರುವ ಬದುಕುವ ಹಕ್ಕಿನ ಭಾಗ ಅಂತಲೇ ಹೇಳಿತು. ಕೋರ್ಟಿಗೆ ದಿನಕ್ಕೆ ಎಷ್ಟು ಹೆಂಗಸರು ಹೋಗುತ್ತಾರೆ, ಬಸ್ ನಿಲ್ದಾಣಕ್ಕೆ ಎಷ್ಟು ಹೆಂಗಸರು ಬರುತ್ತಾರೆ, ನೀವೇ ಯೋಚನೆ ಮಾಡಿ.

ದುಡ್ಡು ತೆಗೆದುಕೊಳ್ಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. 1970ರಲ್ಲಿ ಬಿಂದೇಶ್ವರ ಪಾಠಕ್ ಬಿಹಾರದಲ್ಲಿ ಸುಲಭ್ ಶುರು ಮಾಡಿ, ಆಮೇಲೆ ದುಡ್ಡು ಕೊಟ್ಟು ಬಳಸುವ ಶೌಚಾಲಯಗಳನ್ನು ಊರೂರಿಗೆ ತಂದದ್ದು ದೊಡ್ಡ ಕೆಲಸ. ನೀರು, ಕರೆಂಟು, ಕ್ಲೀನ್ ಮಾಡುವವರ ಸಂಬಳ ಎಲ್ಲಕ್ಕೂ ದುಡ್ಡು ಬೇಕೇ ಬೇಕು. ಗಂಡಸರಿಗೂ 10 ರೂಪಾಯಿ ಹಾಕಿ ಅನ್ನುವುದೂ ನನ್ನ ಬೇಡಿಕೆ ಅಲ್ಲ, ಹಾಗೆ ಮಾಡಿದರೆ ಊರಿನ ಗೋಡೆಗಳ ಗತಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಒಂದಕ್ಕೆ ಫ್ರೀ ಅಂದ ಮೇಲೆ ಎಲ್ಲರಿಗೂ ಫ್ರೀ ಇರಬೇಕು. ಅಷ್ಟೇ ಕೇಳುತ್ತಿರುವುದು.

10 ರೂಪಾಯಿ ಏನು ದೊಡ್ಡದು ಅನ್ನುವವರಿಗೆ ಒಂದು ಲೆಕ್ಕ. ಈ ನಿಲ್ದಾಣದ ಮುಂದೆ ಹೂವು, ಸೌತೆಕಾಯಿ, ಬೇಯಿಸಿದ ಕಡಲೆಕಾಯಿ ಮಾರುವ ಹೆಂಗಸರು ಬೆಳಿಗ್ಗೆ ಬಂದು ಕೂತರೆ ಮನೆಗೆ ಹೋಗುವುದು ಕತ್ತಲಾದ ಮೇಲೆ. ದಿನಕ್ಕೆ ಮೂರು ಸಲ ಹೋದರೆ 30 ರೂಪಾಯಿ, ತಿಂಗಳಿಗೆ 900 ರೂಪಾಯಿ. ಅವರ ಪಕ್ಕದಲ್ಲೇ ಕೂತು ಅದೇ ಸೌತೆಕಾಯಿ ಮಾರುವ ಗಂಡಸಿಗೆ ಈ ಖರ್ಚು ಸೊನ್ನೆ. ಹಾಗಾದರೆ ಅವರು ಏನು ಮಾಡುತ್ತಾರೆ? ನೀರು ಕುಡಿಯುವುದನ್ನು ಬಿಡುತ್ತಾರೆ. ಹೂವಿನ ಅಜ್ಜಿಯೊಬ್ಬರು ಇದನ್ನು ಬಾಯಿಬಿಟ್ಟೇ ಹೇಳಿದರು, 'ನೀರು ಕುಡಿದ್ರೆ ತಾನೇ ಹೋಗಬೇಕು, ಕುಡಿಯೋದೇ ಇಲ್ಲ ಕಣವ್ವ' ಅಂತ. ಏಪ್ರಿಲ್ ಬಿಸಿಲಿನಲ್ಲಿ.

ಈಗ ಒಳಗಿನ ವಿಷಯಕ್ಕೆ ಬರೋಣ. ಗಂಡಸರ ಕಡೆ ಗೋಡೆಗೆ ಎಂಟು ಯೂರಿನಲ್, ಐದು ಪಾಯಿಖಾನೆ. (ಒಂದು ಭಾನುವಾರ ರಶ್ ಇಲ್ಲದಾಗ ತಮ್ಮನನ್ನು ಕಳಿಸಿ ಎಣಿಸಿಕೊಂಡು ಬಾ ಅಂದೆ. ಅವನೂ ಈ ನಿಲ್ದಾಣದಲ್ಲಿ ವರ್ಷಗಟ್ಟಲೆ ಓಡಾಡಿದವನು, ಹೆಂಗಸರು ದುಡ್ಡು ಕೊಡುತ್ತಾರೆ ಅಂತ ಅವನಿಗೆ ಆವತ್ತೇ ಗೊತ್ತಾಗಿದ್ದು.) ಹೆಂಗಸರ ಕಡೆ ನಾಲ್ಕು ಪಾಯಿಖಾನೆ, ಅದರಲ್ಲಿ ಒಂದಕ್ಕೆ ಬೀಗ. ಒಳಗೆ ಪೊರಕೆ, ಬಕೆಟ್, ಫಿನಾಯಿಲ್ ಕ್ಯಾನು ಇಟ್ಟಿದ್ದಾರೆ. ಅಂದರೆ ಒಂದೇ ಹೊತ್ತಿಗೆ 13 ಗಂಡಸರು ಬಳಸಬಹುದು, ಹೆಂಗಸರು ಮೂರು ಜನ.

ಹೊರಗಿನಿಂದ ನೋಡಿದರೆ ಎರಡೂ ಕಡೆಯ ಜಾಗ ಹೆಚ್ಚುಕಡಿಮೆ ಒಂದೇ ಅಳತೆ. ಅದಕ್ಕೇ ಕಟ್ಟಿದವರಿಗೆ ಸಮ ಮಾಡಿದ್ದೇವೆ ಅನ್ನಿಸಿರಬೇಕು. ಆದರೆ ಹೆಂಗಸರಿಗೆ ಸಮಯ ಜಾಸ್ತಿ ಬೇಕು, ಇದು ಗುಟ್ಟೇನೂ ಅಲ್ಲ. ಸೀರೆ ಇರುತ್ತದೆ, ಚೂಡಿದಾರ್ ಇರುತ್ತದೆ, ಮುಟ್ಟಿನ ದಿನ ಇರುತ್ತದೆ, ಬಸುರಿಯರಿರುತ್ತಾರೆ. ಇದಲ್ಲದೆ ಮಗು, ಮಂಡಿನೋವಿನ ಅತ್ತೆ, ಲಗೇಜು ಎಲ್ಲಾ ಹೆಂಗಸಿನ ಜೊತೆಗೇ ಬರುತ್ತವೆ. ಅದನ್ನೆಲ್ಲ ಹೆಂಗಸೇ ನೋಡಿಕೊಳ್ಳಬೇಕು ಅಂತ ಮನೆಯಲ್ಲಿ ಮಾಡಿಟ್ಟ ಏರ್ಪಾಡು ಬಸ್ ನಿಲ್ದಾಣಕ್ಕೂ ಬರುತ್ತದೆ. ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಸ್ವಚ್ಛ ಭಾರತ ಅಭಿಯಾನದ ನಗರ ಮಾರ್ಗಸೂಚಿಯಲ್ಲೇ ಸಾರ್ವಜನಿಕ ಶೌಚಾಲಯಕ್ಕೆ 100 ಗಂಡಸರಿಗೆ ಒಂದು ಪಾಯಿಖಾನೆ, 100 ಹೆಂಗಸರಿಗೆ ಎರಡು ಅಂತ ಇದೆ. ಗಂಡಸರಿಗೆ ಯೂರಿನಲ್ ಬೇರೆ ಲೆಕ್ಕ. ಕಾಗದದ ಮೇಲೆ ಒಪ್ಪಿಕೊಂಡದ್ದು ಇಲ್ಲಿ ಕಟ್ಟಡಕ್ಕೆ ಬಂದಿಲ್ಲ.

ಸಾಲು ಹೇಗಿರುತ್ತದೆ ಅಂದರೆ, ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬಾಗಿಲಿನ ಹೊರಗೆ ಮೆಟ್ಟಿಲ ತನಕ ಬರುತ್ತದೆ. ದೂರದ ಬಸ್ಸಿನ ಡ್ರೈವರ್ 'ಹತ್ತೇ ನಿಮಿಷ' ಅಂತ ಹೇಳಿ ಟೀ ಕುಡಿಯಲು ಇಳಿದಿರುತ್ತಾರೆ. ಆ ಹತ್ತು ನಿಮಿಷದಲ್ಲಿ ಗಂಡಸರು ಹೋಗಿ ಬಂದು, ಟೀ ಕುಡಿದು, ಬಾಳೆಹಣ್ಣು ಕೊಂಡು ಸೀಟಿನಲ್ಲಿ ಕೂತಿರುತ್ತಾರೆ. ಹೆಂಗಸರು ಇನ್ನೂ ಸಾಲಿನಲ್ಲಿ ನಿಂತು ಕತ್ತು ಉದ್ದ ಮಾಡಿ ಬಸ್ ನೋಡುತ್ತಿರುತ್ತಾರೆ. ಸಾಲು ಬಿಟ್ಟು ಹಾಗೇ ವಾಪಸ್ ಓಡಿದವರನ್ನು ಎಷ್ಟೋ ಸಲ ನೋಡಿದ್ದೇನೆ. ಅವರು ಮುಂದಿನ ಮೂರು ಗಂಟೆ ಹೇಗೆ ಕೂತಿರುತ್ತಾರೆ ಅಂತ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡಸರಿಗೆ ಹೇಳಬೇಕು: ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಾಗೆ ಇರುತ್ತದೆ, ಪ್ರತಿ ರೋಡ್ ಹಂಪಿಗೂ ಕಣ್ಣಲ್ಲಿ ನೀರು ಬರುತ್ತದೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೂ ಇರುವುದಿಲ್ಲ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಗಂಡಸರದ್ದು 20ರ ಹತ್ತಿರ. ಸೋಂಕು ಒಳಗೆ ಹೋಗಲು ನಮ್ಮಲ್ಲಿ ದೂರ ಕಡಿಮೆ. ಅದರ ಮೇಲೆ ನೀರು ಕುಡಿಯದೆ, ತಡೆದುಕೊಂಡು ಕೂತರೆ ಉರಿಮೂತ್ರ ಬರುವ ಅಪಾಯ ಇನ್ನೂ ಜಾಸ್ತಿ. ಮಾತ್ರೆ, ಡಾಕ್ಟರ್ ಫೀಸು, ಒಂದು ದಿನದ ಕೂಲಿ ಎಲ್ಲಾ ಸೇರಿಸಿ ನೋಡಿ.

ಒಳ್ಳೆಯದನ್ನೂ ಹೇಳಲೇಬೇಕು. ನೀರಿಗೆ ಇಲ್ಲಿ ತೊಂದರೆ ಇಲ್ಲ, ಬೇಸಿಗೆಯಲ್ಲೂ ನಲ್ಲಿ ಬರುತ್ತದೆ. ಲೈಟು ಉರಿಯುತ್ತದೆ. ಕ್ಲೀನ್ ಮಾಡುವ ಅಕ್ಕ ಒಬ್ಬರಿದ್ದಾರೆ, ಬೆಳಿಗ್ಗೆ ಏಳಕ್ಕೇ ಬಂದು ಉಜ್ಜಿ ತೊಳೆದು ಫಿನಾಯಿಲ್ ಹಾಕುತ್ತಾರೆ. ಒಂಬತ್ತರ ಒಳಗೆ ಹೋದರೆ ನಿಜಕ್ಕೂ ಚೊಕ್ಕಟವಾಗಿರುತ್ತದೆ. ಆಮೇಲೆ ಎರಡೂ ಕಡೆ ಅವರೊಬ್ಬರೇ ನೋಡಬೇಕು, ಮಧ್ಯಾಹ್ನದ ಹೊತ್ತಿಗೆ ಕೈ ಸೋಲುತ್ತದೆ. ಗಂಡಸರ ಕಡೆ ತೊಳೆಯಲು ಹೋಗುವಾಗ ಅವರು ಬಾಗಿಲಲ್ಲಿ ನಿಂತು ಕೂಗಿ ಹೇಳಿ, ಎಲ್ಲರೂ ಹೊರಗೆ ಬರುವ ತನಕ ಕಾಯಬೇಕು. ಕೆಲವರು ಕೂಗಿದರೂ ಹಾಗೇ ನುಗ್ಗುತ್ತಾರೆ. ಆ ಕೆಲಸಕ್ಕೆ ಒಬ್ಬ ಗಂಡಸನ್ನು ಯಾಕೆ ಇಟ್ಟಿಲ್ಲ? ಗಲ್ಲಾದಲ್ಲಿ ಗಂಡಸು, ಪೊರಕೆ ಹಿಡಿದು ಹೆಂಗಸು, ಈ ಹಂಚಿಕೆ ಯಾರೋ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿಯೇ ಹೀಗಾಗಿದೆ, ಯಾರಿಗೂ ವಿಚಿತ್ರ ಅನ್ನಿಸಿಲ್ಲ.

ಚಿಲಕ ಮೊದಲನೆಯದರದ್ದು ಗಟ್ಟಿ. ಎರಡನೆಯದಕ್ಕೆ ಬಾಗಿಲು ಸ್ವಲ್ಪ ಎತ್ತಿ ಹಾಕಬೇಕು. ಮೂರನೆಯದಕ್ಕೆ ಚಿಲಕವೇ ಇಲ್ಲ, ಜೊತೆಯಲ್ಲಿ ಬಂದವರು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು, ಒಬ್ಬರೇ ಬಂದರೆ ಒಂದು ಕೈ ಬಾಗಿಲ ಮೇಲೆ. ಬ್ಯಾಗ್ ನೇತುಹಾಕಲು ಒಂದು ಮೊಳೆ ಕೂಡ ಇಲ್ಲ. ನೆಲ ಯಾವಾಗಲೂ ಒದ್ದೆ. ಕತ್ತಿಗೆ ಬ್ಯಾಗು, ಬಾಯಲ್ಲಿ ದುಪಟ್ಟಾ ಕಚ್ಚಿಕೊಂಡು ಕೂರುವ ಸರ್ಕಸ್ ಗೊತ್ತಿರುವವರಿಗೆ ಗೊತ್ತು. ಒಂದು ಮೊಳೆ ಹೊಡೆಯಲು ಎಷ್ಟು ಖರ್ಚಾಗುತ್ತದೆ? ಅಲ್ಲಿಗೆ ಹೆಂಗಸರು ಕೈಯಲ್ಲಿ ಏನೋ ಹಿಡಿದುಕೊಂಡೇ ಬರುತ್ತಾರೆ ಅನ್ನುವುದು ಕಟ್ಟುವಾಗ ಯಾರ ತಲೆಗೂ ಬಂದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪ್ಯಾಡ್ ಹಾಕಲು ಡಬ್ಬಿ ಇಲ್ಲ. ಗೋಡೆಯ ಮೇಲೆ 'ಪ್ಯಾಡ್ ಒಳಗೆ ಹಾಕಬೇಡಿ' ಅಂತ ಮಾತ್ರ ಬರೆದಿದ್ದಾರೆ. ಹಾಗಾದರೆ ಎಲ್ಲಿ ಹಾಕಬೇಕು? ಕಿಟಕಿಯ ಸಂದಿಯಲ್ಲಿ ಸುತ್ತಿಟ್ಟಿರುತ್ತಾರೆ, ಅದನ್ನು ಆಮೇಲೆ ಅದೇ ಅಕ್ಕ ಬರಿಗೈಯಲ್ಲಿ ತೆಗೆಯಬೇಕು. 2018ರಲ್ಲಿ ಪ್ಯಾಡ್ ಮೇಲಿನ ಜಿಎಸ್‌ಟಿ ತೆಗೆದರು. 2025ರಲ್ಲಿ ನಮ್ಮ ರಾಜ್ಯ ಸರ್ಕಾರ ದುಡಿಯುವ ಹೆಂಗಸರಿಗೆ ತಿಂಗಳಿಗೆ ಒಂದು ದಿನ ಮುಟ್ಟಿನ ರಜೆ ಕೊಡುವ ತೀರ್ಮಾನ ಮಾಡಿತು. ಎರಡೂ ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಉಳಿದ ದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮುಚ್ಚಳ ಇರುವ ಒಂದು ಡಬ್ಬಿ ಇಡುವುದು ಅದಕ್ಕಿಂತ ಸುಲಭದ ಕೆಲಸ ಅಲ್ವಾ?

ಇಲ್ಲಿ ನನ್ನನ್ನು ಬಹಳ ಕಾಡಿದ್ದು ಒಬ್ಬ ಅಪ್ಪ. ನಾಲ್ಕೈದು ವರ್ಷದ ಮಗಳ ಕೈ ಹಿಡಿದು ಹೆಂಗಸರ ಸಾಲಿನ ಪಕ್ಕ ನಿಂತಿದ್ದರು. ಒಳಗೆ ಹೋಗುವಂತಿಲ್ಲ, ಗಂಡಸರ ಕಡೆ ಕರೆದುಕೊಂಡು ಹೋಗಲು ಮನಸ್ಸಿಲ್ಲ, ಹುಡುಗಿ ಕಾಲು ಕುಣಿಸುತ್ತಿದ್ದಾಳೆ. ಕೊನೆಗೆ ಸಾಲಿನಲ್ಲಿದ್ದ ನನ್ನನ್ನೇ ಕೇಳಿದರು, 'ಅಕ್ಕಾ, ಬೇಜಾರು ಮಾಡ್ಕೋಬೇಡಿ, ಇವಳನ್ನ ಸ್ವಲ್ಪ ಒಳಗೆ ಕರ್ಕೊಂಡು ಹೋಗ್ತೀರಾ?' ಅಂತ. ಕರೆದುಕೊಂಡು ಹೋದೆ, ಸಾಲಿನಲ್ಲಿದ್ದ ಎಲ್ಲರೂ ಜಾಗ ಬಿಟ್ಟುಕೊಟ್ಟರು. ಆದರೆ ಯೋಚಿಸಿ, ಗುರುತೂ ಪರಿಚಯವೂ ಇಲ್ಲದ ನನ್ನ ಕೈಗೆ ಮಗಳನ್ನು ಕೊಟ್ಟು ಬಾಗಿಲಲ್ಲಿ ನಿಂತ ಆ ಅಪ್ಪನಿಗೆ ಎಷ್ಟು ಭಯ ಆಗಿರಬೇಕು. ಗಂಡಸರೂ ಮಕ್ಕಳನ್ನು ನೋಡಿಕೊಳ್ಳಬೇಕು ಅಂತ ನಾವು ಹೇಳುತ್ತೇವೆ. ನೋಡಿಕೊಳ್ಳಲು ಹೊರಟ ಗಂಡಸಿಗೆ ಈ ನಿಲ್ದಾಣದಲ್ಲಿ ಜಾಗವೇ ಇಲ್ಲ. ಡೈಪರ್ ಬದಲಿಸಲು ಹೆಂಗಸರ ಕಡೆ ಒಂದು ಕಲ್ಲಿನ ಕಟ್ಟೆಯಾದರೂ ಇದೆ, ಗಂಡಸರ ಕಡೆ ಅದೂ ಇಲ್ಲ ಅಂತ ತಮ್ಮ ಹೇಳಿದ. ಮಗು ಅಂದರೆ ಅಮ್ಮ ಅಂತ ಸಿಮೆಂಟಿನಲ್ಲೇ ಬರೆದುಬಿಟ್ಟಿದ್ದಾರೆ. ಅಪ್ಪ ಮಗಳು, ಅಮ್ಮ ಮಗ, ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆತಂದ ಮಗ, ಇವರಿಗೆಲ್ಲ ಒಟ್ಟಿಗೆ ಹೋಗಬಹುದಾದ ಒಂದೇ ಒಂದು ದೊಡ್ಡ ಕೋಣೆ ಸಾಕಿತ್ತು. ವೀಲ್‌ಚೇರ್‌ನವರಿಗೂ ಅದೇ ಆಗುತ್ತಿತ್ತು. ಎರಡು ಬಾಗಿಲಲ್ಲಿ ಯಾವುದಕ್ಕೆ ಹೋದರೂ ಬೈಸಿಕೊಳ್ಳುವ ಮಂಗಳಮುಖಿಯರಿಗೂ.

ಸರ್ಕಾರದ ಬಳಿ ಯೋಚನೆ ಇಲ್ಲ ಅಂತ ಹೇಳಲಾರೆ. 2020ರಲ್ಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಕೆಎಸ್‌ಆರ್‌ಟಿಸಿಯವರು ಹಳೆಯ ಬಸ್ಸೊಂದನ್ನು ಹೆಂಗಸರ ಶೌಚಾಲಯ ಮಾಡಿ 'ಸ್ತ್ರೀ ಶೌಚಾಲಯ' ಅಂತ ಹೆಸರಿಟ್ಟರು. ಇಂಡಿಯನ್, ವೆಸ್ಟರ್ನ್ ಎರಡೂ ಬಗೆ, ಪ್ಯಾಡ್ ಮೆಷಿನ್, ಮಗುವಿಗೆ ಹಾಲು ಕುಡಿಸಲು ಜಾಗ, ಡೈಪರ್ ಬದಲಿಸಲು ಜಾಗ ಎಲ್ಲಾ ಅದರಲ್ಲಿತ್ತು. ಗುಜರಿಗೆ ಹೋಗಬೇಕಿದ್ದ ಬಸ್ಸಿನಲ್ಲಿ ಇಷ್ಟು ಹಿಡಿಸಲು ಸಾಧ್ಯ ಅಂದರೆ, ಇಟ್ಟಿಗೆ ಸಿಮೆಂಟಿನ ಕಟ್ಟಡದಲ್ಲಿ ಯಾಕೆ ಆಗುವುದಿಲ್ಲ?

ಇನ್ನು ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಸೊನ್ನೆ ರೂಪಾಯಿ. 2025ರ ಜುಲೈಗೆ ಇಂಥ 500 ಕೋಟಿ ಟಿಕೆಟ್ ಆಯಿತು. ಇದು ನಮ್ಮ ಬದುಕನ್ನು ಎಷ್ಟು ಬದಲಿಸಿದೆ ಅಂತ ದಿನಾ ಬಸ್ ಹತ್ತುವವರನ್ನು ಕೇಳಿ. ಮಗಳನ್ನು ದೂರದ ಕಾಲೇಜಿಗೆ ಹಾಕಿದವರಿದ್ದಾರೆ, ಪಕ್ಕದ ತಾಲೂಕಿನ ಗಾರ್ಮೆಂಟ್ಸ್‌ಗೆ ಸೇರಿದವರಿದ್ದಾರೆ, ಗಂಡನ ಹತ್ತಿರ ಕೈಚಾಚದೆ ತವರಿಗೆ ಹೋಗಿ ಬರುವವರಿದ್ದಾರೆ. ನಾನಂತೂ ಇದರ ಪರ, ಯಾರು ಏನೇ ಅಂದರೂ. ಆದರೆ ಬಸ್ಸಿಗೆ ಸೊನ್ನೆ ಕೊಟ್ಟು ಬಂದ ಹೆಂಗಸು ಇಳಿದ ಕೂಡಲೇ 10 ರೂಪಾಯಿ ಕೊಡಬೇಕು. ಎರಡು ಸಲ ಹೋದರೆ ಹತ್ತಿರದ ಹಳ್ಳಿಯ ಟಿಕೆಟ್ ದುಡ್ಡು ಅಲ್ಲೇ ಹೋಯಿತು. ಬಸ್ಸಿನಲ್ಲಿ ಹೆಂಗಸರು ಇಷ್ಟೊಂದು ಜಾಸ್ತಿ ಆದ ಮೇಲೂ ಇಲ್ಲಿ ಪಾಯಿಖಾನೆ ಅದೇ ನಾಲ್ಕು, ಅದೇ ಬೀಗ. ಬಸ್ಸಿನಲ್ಲಿ ನಮ್ಮನ್ನು ಪ್ರಯಾಣಿಕರು ಅಂತ ಎಣಿಸಿದ ಹಾಗೆ ನಿಲ್ದಾಣದಲ್ಲೂ ಎಣಿಸಬೇಕು. ಈಗ ಲೇಡಿ ಕಂಡಕ್ಟರ್‌ಗಳೂ ಇದ್ದಾರೆ, ಅವರೂ ಟ್ರಿಪ್‌ಗಳ ನಡುವೆ ಓಡಿ ಬಂದು ಇದೇ ಸಾಲಿನಲ್ಲಿ ನಿಲ್ಲುತ್ತಾರೆ. ಸಾಲಿನವರು ಅವರನ್ನು ಮುಂದೆ ಬಿಡುತ್ತಾರೆ, ಅದು ಸಾಲಿನವರ ದೊಡ್ಡತನ.

ಇಲ್ಲಿಗೆ ಬರುವವರಿಗೆ ನನಗೆ ಗೊತ್ತಿರುವುದು ಇಷ್ಟು. ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. ಚಿಲ್ಲರೆ ಇಟ್ಟುಕೊಳ್ಳಿ, ಫೋನ್‌ಪೇ ಸ್ಕ್ಯಾನರ್ ಅಂಟಿಸಿದ್ದಾರೆ ಆದರೆ ಸಾಲು ಇರುವಾಗ ಆ ಅಣ್ಣನಿಗೆ ಮೆಸೇಜ್ ಬರುವ ತನಕ ಬಿಡುವುದಿಲ್ಲ. ಮೊದಲನೇ ಬಾಗಿಲಿಗಾಗಿ ಕಾಯಿರಿ. ಪ್ಯಾಡ್ ಸುತ್ತಲು ಪೇಪರ್, ಒಂದು ಕವರ್ ಬ್ಯಾಗಿನಲ್ಲಿರಲಿ. ರಾತ್ರಿ ಒಂಬತ್ತಕ್ಕೆ ಹೆಂಗಸರ ಕಡೆ ಬೀಗ ಹಾಕುತ್ತಾರೆ, ಕೊನೆಯ ಬಸ್ಸು ಹತ್ತೂವರೆಗೆ. ಗಂಡಸರ ಯೂರಿನಲ್‌ಗೆ ಬಾಗಿಲೇ ಇಲ್ಲದಿರುವುದರಿಂದ ಅದು ರಾತ್ರಿಯಿಡೀ ತೆರೆದಿರುತ್ತದೆ. ಒಂಬತ್ತರ ಮೇಲೆ ಬರುವವರು ಎದುರಿನ ರಸ್ತೆಯ ಪೆಟ್ರೋಲ್ ಬಂಕಿಗೆ ಹೋಗಿ. ಅಲ್ಲಿ ದುಡ್ಡು ಕೇಳುವುದಿಲ್ಲ, ಬೀಗದ ಕೈ ಕೇಳಿದರೆ ಕೊಡುತ್ತಾರೆ, ಜೊತೆಗೆ ಯಾರಾದರೂ ಇದ್ದರೆ ಒಳ್ಳೆಯದು.

ನಕ್ಷತ್ರ ಕೊಡಬೇಕೆಂದರೆ ಐದಕ್ಕೆ ಎರಡು. ಒಂದು ನೀರಿಗೆ, ಇನ್ನೊಂದು ಆ ಅಕ್ಕನ ದುಡಿಮೆಗೆ. ನಿಲ್ದಾಣದ ಕಚೇರಿಗೂ ನಗರಸಭೆಗೂ ಒಂದು ಪತ್ರ ಬರೆದು ಕೊಟ್ಟಿದ್ದೇನೆ. ಹೂವಿನ ಅಜ್ಜಿ, ಕಾಲೇಜು ಹುಡುಗಿಯರು, ಆ ದಿನ ಸಾಲಿನಲ್ಲಿದ್ದವರೆಲ್ಲ ಸಹಿ ಹಾಕಿದರು, ನನ್ನ ತಮ್ಮ ಮತ್ತು ಇಬ್ಬರು ಆಟೋ ಚಾಲಕರೂ ಹಾಕಿದರು. ಕೇಳಿರುವುದು ಇಷ್ಟೇ: ಬೋರ್ಡ್‌ನಲ್ಲಿ ಬರೆದ ಉಚಿತ ಎಲ್ಲರಿಗೂ ಇರಲಿ, ನಾಲ್ಕನೆಯ ಪಾಯಿಖಾನೆಯ ಬೀಗ ತೆಗೆಯಿರಿ, ಮೊಳೆ, ಚಿಲಕ, ಡಬ್ಬಿ ಹಾಕಿಸಿ, ಕೊನೆಯ ಬಸ್ ಹೋಗುವ ತನಕ ಬಾಗಿಲು ತೆರೆದಿರಲಿ, ಮುಂದಿನ ಗುತ್ತಿಗೆಯಲ್ಲಿ ಇದನ್ನೆಲ್ಲ ಷರತ್ತಾಗಿ ಸೇರಿಸಿ. ಸ್ವೀಕೃತಿ ಮುದ್ರೆ ಹಾಕಿ ಕೊಟ್ಟಿದ್ದಾರೆ. ಉತ್ತರ ಬಂದ ಕೂಡಲೇ ಇಲ್ಲೇ ಸೇರಿಸುತ್ತೇನೆ. ನಿಮ್ಮ ಊರಿನಲ್ಲೂ ಇದೇ ಕತೆಯಾದರೆ ಹೇಳಿ, ಪತ್ರದ ನಕಲು ಕಳಿಸುತ್ತೇನೆ, ಊರಿನ ಹೆಸರು ಬದಲಿಸಿಕೊಂಡರೆ ಸಾಕು.